ಸೈನಿಕರ ಮಕ್ಕಳಿಗಾಗಿ ಕಟ್ಟಿದ್ದು, ಈಗ ಆರ್ಟ್ ಗ್ಯಾಲರಿ

ಲಂಡನ್ನಿನ ಸ್ಲೋನ್ ಸ್ಕ್ವೇರ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಸಾಚಿ ಗ್ಯಾಲರಿ ಸಿಗುತ್ತದೆ. ಮುಂದೆ ದೊಡ್ಡ ಹುಲ್ಲುಹಾಸು, ನಾಲ್ಕು ದಪ್ಪ ಕಂಬಗಳ ಮುಖಮಂಟಪ, ಅದರ ಹಿಂದೆ ಉದ್ದನೆಯ ಇಟ್ಟಿಗೆ ಕಟ್ಟಡ. ಒಳಗೆ ಈ ಕಾಲದ ಕಲಾವಿದರ ಚಿತ್ರಗಳು, ಪಕ್ಕದಲ್ಲಿ ದುಬಾರಿ ಅಂಗಡಿಗಳು, ಕೆಫೆಗಳು. ನೂರು ವರ್ಷಕ್ಕೂ ಜಾಸ್ತಿ ಕಾಲ ಇದೇ ಕಟ್ಟಡದಲ್ಲಿ ಸೈನಿಕರ ಮಕ್ಕಳು ಉಂಡು, ಮಲಗಿ, ಓದಿ, ಡ್ರಿಲ್ ಮಾಡಿ ಬೆಳೆದರು. ಇದರ ಕಥೆಯಲ್ಲಿ ಮದ್ರಾಸಿಗೂ ಒಂದು ಪಾಲಿದೆ.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ದೊಡ್ಡ ಯುದ್ಧ ನಡೀತಿತ್ತು. ಒಂದು ತುಕಡಿ ಹಡಗು ಹತ್ತಿದರೆ, ನೂರು ಸೈನಿಕರಲ್ಲಿ ಸುಮಾರು ಆರು ಮಂದಿಗೆ ಮಾತ್ರ ಹೆಂಡತಿಯನ್ನು ಜೊತೆಗೆ ಕರೆದೊಯ್ಯಲು ಅವಕಾಶ. ಯಾರು ಹೋಗಬೇಕು ಅಂತ ಚೀಟಿ ಎತ್ತುತ್ತಿದ್ದರು. ಚೀಟಿ ಬಾರದವಳು ಮಕ್ಕಳನ್ನು ಕಟ್ಟಿಕೊಂಡು ಬಂದರಿನಲ್ಲೇ ಉಳಿಯಬೇಕು. ಗಂಡ ಸತ್ತರೆ ಕೇಳುವವರಿಲ್ಲ. ದೇಶಕ್ಕಾಗಿ ಸತ್ತವನ ಮಕ್ಕಳು ಬೀದಿಗೆ ಬಿದ್ದರೆ ಅದು ಯಾರ ಹೊಣೆ? ಸೈನ್ಯಕ್ಕೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ಮೂರನೇ ಜಾರ್ಜ್ ದೊರೆಯ ಮಗ, ಯಾರ್ಕಿನ ಡ್ಯೂಕ್ ಫ್ರೆಡರಿಕ್ ಆಗ ಸೈನ್ಯದ ಮುಖ್ಯಸ್ಥ. 1801ರ ಜೂನ್‌ನಲ್ಲಿ ಲಂಡನ್ನಿನ ಚೆಲ್ಸಿ ಬಡಾವಣೆಯಲ್ಲಿ ಈ ಕಟ್ಟಡಕ್ಕೆ ಅವನೇ ಅಡಿಗಲ್ಲು ಇಟ್ಟ. ಮುದಿ ಸೈನಿಕರ ಆಶ್ರಯವಾದ ರಾಯಲ್ ಹಾಸ್ಪಿಟಲ್ ಅಲ್ಲೇ ಹತ್ತಿರದಲ್ಲಿತ್ತು. ಕಟ್ಟಡದ ನಕ್ಷೆ ಜಾನ್ ಸ್ಯಾಂಡರ್ಸ್ ಎಂಬ ವಾಸ್ತುಶಿಲ್ಪಿಯದು. 1803ರಲ್ಲಿ ಮೊದಲ ಮಕ್ಕಳು ಒಳಗೆ ಬಂದರು. ಸಂಸ್ಥೆಯ ಹೆಸರು ರಾಯಲ್ ಮಿಲಿಟರಿ ಅಸೈಲಮ್, ಅಂದರೆ ಸೈನಿಕರ ಮಕ್ಕಳ ಆಶ್ರಯಶಾಲೆ. 700 ಹುಡುಗರು, 300 ಹುಡುಗಿಯರು, ಒಟ್ಟು ಸಾವಿರ ಮಕ್ಕಳಿಗೆ ಜಾಗ ಮಾಡಿದ್ದರು.

ಸೀಟು ಸುಮ್ನೆ ಸಿಗುತ್ತಿರಲಿಲ್ಲ. ಮೊದಲು ಅಪ್ಪ-ಅಮ್ಮ ಇಬ್ಬರೂ ಇಲ್ಲದವರು, ಆಮೇಲೆ ಅಪ್ಪ ಯುದ್ಧದಲ್ಲಿ ಸತ್ತವರು, ನಂತರ ಅಮ್ಮ ತೀರಿಕೊಂಡು ಅಪ್ಪ ಹೊರದೇಶದಲ್ಲಿ ಇರುವವರು. ಅಪ್ಪ-ಅಮ್ಮನ ಮದುವೆಗೆ ದಾಖಲೆ ಬೇಕಿತ್ತು. ಪಲ್ಟನ್ನಿನಲ್ಲಿ ಅಪ್ಪನ ನಡತೆ ಹೇಗಿತ್ತು ಅಂತಲೂ ನೋಡುತ್ತಿದ್ದರು. ಅಪ್ಪನ ತಪ್ಪಿಗೆ ಮಗುವಿನ ಊಟ ತಪ್ಪಿಸುವ ಈ ನಿಯಮ ನನಗೆ ಕ್ರೂರ ಅನಿಸುತ್ತದೆ. ಒಳಗೆ ಬಂದವರಿಗೆ ಸಮವಸ್ತ್ರ. ಹುಡುಗರಿಗೆ ಕೆಂಪು ಜಾಕೆಟ್ಟು, ನೀಲಿ ಚಡ್ಡಿ, ಕರಿ ಟೋಪಿ. ಹುಡುಗಿಯರಿಗೆ ಕೆಂಪು ಗೌನು, ಹುಲ್ಲಿನ ಟೋಪಿ. ಹುಡುಗರು ದರ್ಜಿ ಕೆಲಸ, ಚಪ್ಪಲಿ ಹೊಲಿಯುವ ಕೆಲಸ ಕಲಿತರು, ಬ್ಯಾಂಡ್ ಬಾರಿಸಿದರು. ಎಷ್ಟೋ ಮಂದಿ ನೇರ ಸೈನ್ಯಕ್ಕೇ ಹೋದರು. ಸೈನ್ಯದ ಕರುಣೆ ಮತ್ತು ಸೈನ್ಯಕ್ಕೆ ಬೇಕಾದ ಆಳು, ಇವೆರಡನ್ನೂ ಇಲ್ಲಿ ಬೇರೆ ಮಾಡಲು ಬರುವುದಿಲ್ಲ.

ಇಷ್ಟು ಮಕ್ಕಳು ಒಂದೇ ಕಡೆ ಮಲಗಿದರೆ ರೋಗ ಬಾರದೆ ಇರುತ್ತದಾ? ಶಾಲೆ ಶುರುವಾದ ಮರುವರ್ಷವೇ, 1804ರಲ್ಲಿ, ಕಣ್ಣುಬೇನೆ ಹಬ್ಬಿತು. ಈಜಿಪ್ಟಿನ ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣಿಸಿಕೊಂಡಿದ್ದ ಬೇನೆಯ ಹಾಗೆಯೇ ಇದೂ ಇತ್ತು. ಶಾಲೆಯ ವೈದ್ಯ ಪ್ಯಾಟ್ರಿಕ್ ಮ್ಯಾಕ್‌ಗ್ರೆಗರ್ ಅದರ ಬಗ್ಗೆ ಬರೆದಿಟ್ಟ ವರದಿ ಮುಂದೆ ಕಣ್ಣಿನ ವೈದ್ಯರಿಗೆ ಉಪಯೋಗಕ್ಕೆ ಬಂತು.

ಇನ್ನು ಮದ್ರಾಸಿನ ವಿಷಯ. ಸಾವಿರ ಮಕ್ಕಳಿಗೆ ಕಲಿಸಲು ಬೇಕಾದಷ್ಟು ಮೇಷ್ಟ್ರುಗಳನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಸಿಕ್ಕಿದ್ದು ಮದ್ರಾಸಿನ ಎಗ್ಮೋರಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಅಲ್ಲಿ 1789ರಲ್ಲಿ ಒಂದು ಆಶ್ರಮಶಾಲೆ ಶುರುವಾಗಿತ್ತು. ಹೆಚ್ಚಿನವರ ಅಪ್ಪ ಯುರೋಪಿನವನು, ಅಮ್ಮ ಇಲ್ಲಿಯವಳು. ಅದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ ಒಂದು ದಿನ ಊರಿನ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ನಮ್ಮ ಕೂಲಿಮಠಗಳಲ್ಲೂ ಹೀಗೇ ಅಲ್ವಾ ಅಕ್ಷರ ಕಲಿಯುತ್ತಿದ್ದದ್ದು? ಕಾಗದ ಬೇಡ, ಮಸಿ ಬೇಡ, ತಪ್ಪಾದರೆ ಅಂಗೈಯಲ್ಲಿ ಒಮ್ಮೆ ಸವರಿದರೆ ಆಯಿತು. ಬೆಲ್ ತನ್ನ ಶಾಲೆಯಲ್ಲೂ ಇದನ್ನೇ ಮಾಡಿ ಅಂದ. ಅಲ್ಲಿನ ಮೇಷ್ಟ್ರುಗಳು ಒಪ್ಪಲಿಲ್ಲ. ಆಗ ಅವನು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು, ಸಣ್ಣವರಿಗೆ ನೀನೇ ಹೇಳಿಕೊಡು ಅಂದ. ಆ ಹುಡುಗ ಒಬ್ಬ ಸಾಮಾನ್ಯ ಸಿಪಾಯಿಯ ಮಗ. ಹುಡುಗ ಕಲಿಸಿದ, ಮಕ್ಕಳು ಕಲಿತರು. ಆಮೇಲೆ ಇಡೀ ಶಾಲೆಯೇ ಆ ರೀತಿ ನಡೆಯತೊಡಗಿತು.

ಬೆಲ್ 1796ರಲ್ಲಿ ಭಾರತ ಬಿಟ್ಟ. ಮರುವರ್ಷ ಲಂಡನ್ನಿನಲ್ಲಿ ತನ್ನ ಪ್ರಯೋಗದ ವರದಿ ಅಚ್ಚು ಹಾಕಿಸಿದ. ಚೆಲ್ಸಿಯ ಶಾಲೆ ಇದೇ 'ಮದ್ರಾಸ್ ಪದ್ಧತಿ'ಯನ್ನು ಹಿಡಿಯಿತು. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸಿದರು. ಅಲ್ಲಿಂದ ಅದು ಪಲ್ಟನ್‌ಗಳ ಶಾಲೆಗಳಿಗೂ ಹೋಯಿತು. 1846ರಲ್ಲಿ ಬ್ರಿಟಿಷ್ ಸೈನ್ಯ ತನ್ನದೇ ಶಿಕ್ಷಕರ ದಳ ಕಟ್ಟಿದಾಗ ಅವರ ತರಬೇತಿಗೂ ಚೆಲ್ಸಿಯೇ ಜಾಗವಾಯಿತು. ಇಷ್ಟಾದರೂ ಹೆಸರು ಬಂದದ್ದು ಬೆಲ್‌ಗೆ. ಮರಳಿನಲ್ಲಿ ಬರೆಸುತ್ತಿದ್ದ ಆ ಊರ ಮೇಷ್ಟ್ರ ಹೆಸರನ್ನು ಯಾರೂ ಬರೆದಿಡಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬೇಸರ ತರುವ ಸಂಗತಿ ಇದು.

ಎಗ್ಮೋರಿನ ಹುಡುಗರಿಗೆ ಕರ್ನಾಟಕದ ನಂಟೂ ಇದೆ. ಮದ್ರಾಸಿನಲ್ಲಿ 1794ರಲ್ಲಿ ಸರ್ವೆ ಶಾಲೆ ತೆರೆದಾಗ ಅದಕ್ಕೆ ಈ ಅನಾಥ ಹುಡುಗರನ್ನೇ ಆರಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸೈನ್ಯದ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಶುರುಮಾಡಿದ. ಅವನ ಕೈಕೆಳಗೆ ಊರೂರು ಅಲೆದು ಅಳತೆ ಮಾಡಿದವರಲ್ಲಿ ಆ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರೂ ಇದ್ದರು.

ಚೆಲ್ಸಿಯಲ್ಲಿ ಹುಡುಗಿಯರಿಗೆ ಬಹಳ ಕಾಲ ಜಾಗ ಉಳಿಯಲಿಲ್ಲ. ಅವರನ್ನು ಸೌತಾಂಪ್ಟನ್ನಿನ ಶಾಖೆಗೆ ಕಳಿಸಿದರು. 1840ರ ದಶಕದ ಹೊತ್ತಿಗೆ ಅದೂ ನಿಂತು, ಇದು ಪೂರ್ತಿ ಗಂಡುಮಕ್ಕಳ ಶಾಲೆಯಾಯಿತು. ಸತ್ತ ಸೈನಿಕನ ಮಗಳ ಹೊಟ್ಟೆ ಮಗನ ಹೊಟ್ಟೆಗಿಂತ ಚಿಕ್ಕದಾಗಿರಲಿಲ್ಲ. ಆದರೆ ಅವಳು ಸೈನ್ಯಕ್ಕೆ ಸೇರುವಂತಿರಲಿಲ್ಲ. 1892ರಲ್ಲಿ ಶಾಲೆಯ ಹೆಸರು ಡ್ಯೂಕ್ ಆಫ್ ಯಾರ್ಕ್ಸ್ ರಾಯಲ್ ಮಿಲಿಟರಿ ಸ್ಕೂಲ್ ಎಂದಾಯಿತು.

1909ರಲ್ಲಿ ಹುಡುಗರೂ ಹೊರಟರು. ಇಂಗ್ಲೆಂಡಿನ ಕಡಲತೀರದ ಊರು ಡೋವರ್‌ನ ಕೋಟೆಯ ಹತ್ತಿರದ ಗುಡ್ಡದ ಮೇಲೆ ಹೊಸ ಶಾಲೆ ಸಿದ್ಧವಾಗಿತ್ತು. ಚೆಲ್ಸಿಯ ಕಟ್ಟಡ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಟೆರಿಟೋರಿಯಲ್ ಪಡೆಗೆ, ಅಂದರೆ ಬಿಡುವಿನ ವೇಳೆಯಲ್ಲಿ ತರಬೇತಿ ಪಡೆಯುವ ಸ್ವಯಂಸೇವಕ ಸೈನಿಕರ ಪಡೆಗೆ, ಹೋಯಿತು. ಡೋವರ್‌ನಲ್ಲೂ ಮಕ್ಕಳು ನೆಮ್ಮದಿಯಾಗಿ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಆ ಜಾಗ ಬೇಕಾಯಿತು, ಹುಡುಗರು ಎಸೆಕ್ಸ್‌ಗೆ ಹೋದರು. ಎರಡನೇ ಯುದ್ಧದಲ್ಲಿ ಡೆವನ್ ಕಡಲತೀರದ ಒಂದು ಹೋಟೆಲ್ಲೇ ಅವರ ಶಾಲೆಯಾಯಿತು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿದ್ದ ರಾಯಲ್ ಹೈಬರ್ನಿಯನ್ ಮಿಲಿಟರಿ ಸ್ಕೂಲ್ ಚೆಲ್ಸಿಗಿಂತಲೂ ಹಳೆಯದು. ಐರ್ಲೆಂಡ್ ಬೇರೆಯಾದ ಮೇಲೆ ಅದು 1922ರಲ್ಲಿ ಅಲ್ಲಿಂದ ಎದ್ದು, 1924ರಲ್ಲಿ ಡೋವರ್ ಶಾಲೆಯಲ್ಲಿ ಸೇರಿಹೋಯಿತು. ಅದರ ಕಟ್ಟಡ ಮುಂದೆ ಆಸ್ಪತ್ರೆಯಾಯಿತು.

ಚೆಲ್ಸಿಯ ಕಟ್ಟಡವನ್ನು ರಕ್ಷಣಾ ಇಲಾಖೆ 2000ನೇ ಇಸವಿಯಲ್ಲಿ ಕ್ಯಾಡೊಗನ್ ಎಸ್ಟೇಟ್ಸ್ ಎಂಬ ಭೂ-ಕಟ್ಟಡಗಳ ಕಂಪನಿಗೆ ಮಾರಿತು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದ್ದ ಕಾರಣ ಅದನ್ನು ಕೆಡವುವಂತಿರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಸಾಚಿ ಗ್ಯಾಲರಿ ಬಾಗಿಲು ತೆರೆಯಿತು. ಸುತ್ತಲಿನ ಅಂಗಡಿ ಬೀದಿಗೆ ಡ್ಯೂಕ್ ಆಫ್ ಯಾರ್ಕ್ ಸ್ಕ್ವೇರ್ ಅಂತ ಹೆಸರು. ಅಡಿಗಲ್ಲು ಇಟ್ಟವನ ಹೆಸರು ಹೀಗೆ ಉಳಿಯಿತು. ಒಳಗೆ ಬೆಳೆದ ಮಕ್ಕಳ ನೆನಪಿಗೂ ಅಷ್ಟೇ ದೊಡ್ಡ ಜಾಗ ಸಿಗಬೇಕಿತ್ತು.

ಡೋವರ್ ಶಾಲೆ ಈಗಲೂ ನಡೆಯುತ್ತಿದೆ. 1994ರಲ್ಲಿ ಅಲ್ಲಿ ಹುಡುಗಿಯರನ್ನು ಮತ್ತೆ ಸೇರಿಸಿಕೊಂಡರು. ನಮ್ಮಲ್ಲೂ ಸೈನಿಕರ ಗಂಡುಮಕ್ಕಳಿಗಾಗಿ ಬ್ರಿಟಿಷರು 1945ರಲ್ಲಿ ಬೆಳಗಾವಿಯಲ್ಲಿ, 1946ರಲ್ಲಿ ಬೆಂಗಳೂರಿನಲ್ಲಿ ಕಿಂಗ್ ಜಾರ್ಜ್ ಶಾಲೆಗಳನ್ನು ತೆರೆದರು. ಅವೇ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. 1952ರಲ್ಲಿ ಅಧಿಕಾರಿಗಳ ಮತ್ತು ನಾಗರಿಕರ ಮಕ್ಕಳಿಗೂ ಬಾಗಿಲು ತೆರೆಯಿತು. ಹುಡುಗಿಯರು ಮಾತ್ರ 2022ರವರೆಗೆ ಕಾಯಬೇಕಾಯಿತು.