ಪೈಪ್ ಬರೆಸಿಕೊಂಡರು, ಕೆಎಲ್‌ಡಿ ಬರೆಸಿಕೊಳ್ಳಲಿಲ್ಲ

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಯಜಮಾನರೊಬ್ಬರು ನನ್ನ ಕಚೇರಿಗೆ ಬಂದರು. ಕಂಕುಳಲ್ಲಿ ಹಳೇ ಜೆಡಿಎ (ಜಂಟಿ ಅಭಿವೃದ್ಧಿ ಕರಾರು) ಕಟ್ಟು, ಜೊತೆಗೆ ಚಿಕ್ಕ ಮಗ. ಅವರಿಗೆ ಮೂರು ಎಕರೆ ಇಪ್ಪತ್ತು ಗುಂಟೆ ಜಮೀನಿತ್ತು. ಮೂರು ಎಕರೆಯನ್ನು ಜಂಟಿ ಅಭಿವೃದ್ಧಿಗೆ ಬಿಲ್ಡರ್‌ಗೆ ಕೊಟ್ಟರು, ರಸ್ತೆ ಪಕ್ಕದ ಇಪ್ಪತ್ತು ಗುಂಟೆಯನ್ನು ಮಕ್ಕಳಿಗೆ ಅಂತ ಉಳಿಸಿಕೊಂಡರು. ಬಿಲ್ಡರ್ 160 ಫ್ಲಾಟ್ ಕಟ್ಟಿದ, ಮಾರಿದ, ಫ್ಲಾಟ್ ಮಾಲೀಕರ ಅಸೋಸಿಯೇಷನ್ ಕೈಗೆ ಬೀಗದ ಕೈ ಕೊಟ್ಟು ಹೋದ. ಈಗ ಮಕ್ಕಳು ಉಳಿದ ಜಾಗದಲ್ಲಿ 24 ಮನೆ ಕಟ್ಟಲು ಹೊರಟಿದ್ದಾರೆ. ಆ ಭಾಗಕ್ಕೆ ಜಲಮಂಡಳಿಯ ಒಳಚರಂಡಿ, ಅಂದರೆ ಯುಜಿಡಿ, ಇನ್ನೂ ಬಂದಿಲ್ಲ. ಕೊಳಚೆಗೆ ಇರುವುದು ಬಿಲ್ಡರ್ ಕಟ್ಟಿದ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಒಂದೇ.

"ಲಾಯರ್ ಸಾಹೇಬ್ರೇ, ಎಸ್‌ಟಿಪಿವರೆಗೂ ಪೈಪ್ ಆವತ್ತೇ ಹಾಕಿಸಿಕೊಂಡಿದೀನಿ. ಆದ್ರೂ ಅಸೋಸಿಯೇಷನ್‌ನೋರು ಕನೆಕ್ಷನ್ ಕೊಡಲ್ಲ ಅಂತಾರೆ."

ಜೆಡಿಎ ತೆಗೆದು ನೋಡಿದೆ. 14ನೇ ಪುಟದಲ್ಲಿ ಒಂದೇ ಸಾಲು: ಮಾಲೀಕರು ಉಳಿಸಿಕೊಂಡ ಜಾಗಕ್ಕೆ ರಸ್ತೆ, ನೀರು, ವಿದ್ಯುತ್ ಮತ್ತು ಒಳಚರಂಡಿ ಸೌಲಭ್ಯವನ್ನು ಬಿಲ್ಡರ್ ಒದಗಿಸತಕ್ಕದ್ದು. ಅಷ್ಟೇ. ಎಷ್ಟು ನೀರು, ಯಾವಾಗಿನಿಂದ, ಖರ್ಚು ಯಾರದು, ಬಿಲ್ಡರ್ ಹೋದ ಮೇಲೆ ಯಾರು ಕೊಡಬೇಕು, ಒಂದೂ ಇಲ್ಲ. ಈ ಸಾಲನ್ನು ನಾನು ಎಷ್ಟೋ ಕರಾರುಗಳಲ್ಲಿ ನೋಡಿದ್ದೇನೆ. ಒಬ್ಬರ ಡ್ರಾಫ್ಟಿನಿಂದ ಇನ್ನೊಬ್ಬರ ಡ್ರಾಫ್ಟಿಗೆ ಹಾಗೇ ಕಾಪಿ ಆಗುತ್ತಾ ಬಂದಿದೆ. ನಿಜ ಹೇಳಬೇಕು ಅಂದ್ರೆ, ಶುರುವಿನ ದಿನಗಳಲ್ಲಿ ನಾನೂ ಇದನ್ನೇ ಬರೆದಿದ್ದೇನೆ.

ಮೊದಲು ಲೆಕ್ಕ ಹಾಕೋಣ. ಒಂದು ಫ್ಲಾಟಿಗೆ ಐದು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ನಮ್ಮ ಕಡೆ ಹಿಡಿಯುತ್ತಾರೆ. ಅಲ್ಲಿಗೆ ಮನೆಗೆ 675 ಲೀಟರ್. ಅದರಲ್ಲಿ ಶೇ 80ರಿಂದ 90ರಷ್ಟು ಕೊಳಚೆಯಾಗಿ ಹೊರಬರುತ್ತದೆ. 90 ಅಂತ ಹಿಡಿದರೆ 160 ಫ್ಲಾಟಿಗೆ ದಿನಕ್ಕೆ 97 ಸಾವಿರ ಲೀಟರ್, ಅಂದರೆ 97 ಕೆಎಲ್‌ಡಿ (ದಿನಕ್ಕೆ ಇಷ್ಟು ಕಿಲೋಲೀಟರ್ ಅನ್ನುವ ಅಳತೆ). ಬಿಲ್ಡರ್ ಕಟ್ಟಿದ್ದು 100 ಕೆಎಲ್‌ಡಿ ಎಸ್‌ಟಿಪಿ. ತನ್ನ 160 ಫ್ಲಾಟಿಗೆ ಎಷ್ಟು ಬೇಕೋ ಅಷ್ಟನ್ನೇ ಕಟ್ಟಿದ್ದಾನೆ. ಯಜಮಾನರ 24 ಮನೆಗೆ ಬೇಕಾದ ಸುಮಾರು 15 ಕೆಎಲ್‌ಡಿ ಅದರಲ್ಲಿ ಮೊದಲಿನಿಂದಲೂ ಇರಲೇ ಇಲ್ಲ. ಪೈಪ್ ಮಾತ್ರ ಇದೆ.

ಮಗ ಬಿಡಲಿಲ್ಲ. "ಸಾರ್, ಅಲ್ಲಿ ದಿನಾ 75 ಬರ್ತಿದೆ ಅಷ್ಟೆ. 25 ಖಾಲಿ ಇದೆಯಲ್ವಾ?"

ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಒಂದು ಬೆಳಗ್ಗೆ ಬೇಸ್‌ಮೆಂಟಿಗೆ ಹೋದೆವು. ರ‍್ಯಾಂಪಿನ ಕೆಳಗೆ ತಗ್ಗು ಸೂರಿನ ಕೋಣೆ, ಗಾಳಿ ಊದುವ ಬ್ಲೋವರ್ ಸದ್ದು, ಕೊಳೆತ ಮೊಟ್ಟೆಯ ವಾಸನೆ. ಆಪರೇಟರ್ ಹುಡುಗ ಲಾಗ್ ಬುಕ್ ಕೊಟ್ಟ. ತಿಂಗಳು ಪೂರ್ತಿ 75, 74, 75, 75. ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದ ಹಾಗಿತ್ತು. ಇಂಜಿನಿಯರ್ ನಕ್ಕು ಪುಸ್ತಕ ಮುಚ್ಚಿ, ಫ್ಲೋ ಮೀಟರನ್ನೇ ಒಂದು ವಾರ ದಿನಕ್ಕೆ ಮೂರು ಸಲ ಓದಿಸಿದರು. ವಾರದ ದಿನ 70ರಿಂದ 76, ಭಾನುವಾರ 84. ಅದಕ್ಕಿಂತ ಮುಖ್ಯವಾದದ್ದು ಬೇರೆ. ಬೆಳಗ್ಗೆ ಎಂಟೂವರೆಗೆ ಬಂದ ಕೊಳಚೆಯನ್ನು ಮೊದಲು ಹಿಡಿದಿಟ್ಟು ಸಮನಾಗಿ ಒಳಗೆ ಬಿಡುವ ಈಕ್ವಲೈಸೇಷನ್ ಟ್ಯಾಂಕ್ ಅಂಚಿನವರೆಗೂ ತುಂಬಿರುತ್ತಿತ್ತು. ಊರೆಲ್ಲ ಒಟ್ಟಿಗೆ ಸ್ನಾನ ಮಾಡುವ ಹೊತ್ತು ಅದು. ದಿನದ ಸರಾಸರಿಯಲ್ಲಿ ಜಾಗ ಇದೆ, ಬೆಳಗಿನ ಎರಡು ಗಂಟೆಯಲ್ಲಿ ಇಲ್ಲ.

ಇನ್ನೊಂದು ವಿಷಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟಿನಲ್ಲಿ, ಅಂದರೆ ಒಪ್ಪಿಗೆ ಪತ್ರದಲ್ಲಿ, ಇರುವುದು ಆ 160 ಫ್ಲಾಟಿನ ಲೆಕ್ಕ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದ್ದರಿಂದ ಪರಿಸರ ಅನುಮತಿಯಲ್ಲೂ ಅದೇ ಲೆಕ್ಕ ಕೂತಿದೆ. ಬೇರೆ ಜಮೀನಿನ ಕೊಳಚೆ ಸೇರಿಸಬೇಕಾದರೆ ಕಾಗದ ತಿದ್ದಿಸಬೇಕು. ಅರ್ಜಿಗೆ ಸಹಿ ಹಾಕಬೇಕಾದ್ದು ಈಗ ಅಸೋಸಿಯೇಷನ್. ಹೊರಗೆ ಬಿಡುವ ನೀರಿನ ಬಿಒಡಿ (ನೀರಲ್ಲಿ ಉಳಿದ ಕೊಳೆಯ ಅಳತೆ) ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ನೋಟಿಸ್ ಬರುವುದೂ ಅವರ ಹೆಸರಿಗೇ. ಸರ್ಜಾಪುರ ರಸ್ತೆಯವರಿಗೆ ಬೆಳ್ಳಂದೂರು ಕೆರೆ ದೂರವಲ್ಲ. ನೊರೆ ರಸ್ತೆಗೆ ಹಾರಿದ್ದು, 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿದ್ದದ್ದು ಎಲ್ಲ ಕಣ್ಣಾರೆ ನೋಡಿದವರು. ಅಸೋಸಿಯೇಷನ್ ಕಾರ್ಯದರ್ಶಿ ಮೇಡಂ ಸುಮ್ನೆ ಹಟ ಹಿಡಿದಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ.

ಈಗ ಕಾನೂನಿನ ಗಂಟು. ಯಜಮಾನರ ಕರಾರು ಇದ್ದದ್ದು ಬಿಲ್ಡರ್ ಜೊತೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಲ್ಲಿ ನೀರು, ನೈರ್ಮಲ್ಯದ ಕೇಂದ್ರ ವ್ಯವಸ್ಥೆಗಳು ಸಾಮಾನ್ಯ ಪ್ರದೇಶಕ್ಕೆ ಸೇರುತ್ತವೆ, ಸಾಮಾನ್ಯ ಪ್ರದೇಶವನ್ನು ಅಸೋಸಿಯೇಷನ್‌ಗೆ ಬರೆದುಕೊಡಬೇಕು ಅಂತ ಸೆಕ್ಷನ್ 17 ಹೇಳುತ್ತದೆ. ಎಸ್‌ಟಿಪಿ ಈಗ ಅವರದು. ಅವರು ಜೆಡಿಎಗೆ ಸಹಿ ಹಾಕಿದವರಲ್ಲ.

"ಜಮೀನು ನಂದು ಸ್ವಾಮಿ, ನನ್ನ ಜಮೀನಲ್ಲಿ ನಂಗೆ ಹಕ್ಕಿಲ್ವಾ?" ಅಂದರು ಯಜಮಾನರು. ಒಂದು ಫ್ಲಾಟಿನ ಸೇಲ್ ಡೀಡ್ ತರಿಸಿ ತೋರಿಸಿದೆ. ಜಾಗದ ಅವಿಭಜಿತ ಪಾಲು ಮಾರಿದವರ ಹೆಸರಲ್ಲಿ ಮೊದಲು ಇದ್ದದ್ದು ಅವರದೇ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಹಿಡಿದು ಅವರ ಪರವಾಗಿ ಬಿಲ್ಡರ್ ಸಹಿ ಹಾಕಿದ್ದ. ಒಂದೊಂದು ಸೇಲ್ ಡೀಡಿನಲ್ಲೂ, ಪಕ್ಕದ ಇಪ್ಪತ್ತು ಗುಂಟೆಗೆ ಇಂಥ ಹಕ್ಕು ಉಳಿಸಿಕೊಂಡು ಮಾರಿದ್ದೇನೆ ಅನ್ನೋ ಒಂದು ಸಾಲು ಹಾಕಬಹುದಿತ್ತು. ಹಾಕಿಲ್ಲ. 160 ಸಲ ಅವರೇ ಬಿಟ್ಟುಕೊಟ್ಟ ಹಾಗಾಯಿತು. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಲ್ಲಿ ಎಷ್ಟೋ ಸಲ ವಕೀಲರೂ ಎಡವುತ್ತೇವೆ. ಒಬ್ಬರ ಜಮೀನಿನ ಅನುಕೂಲಕ್ಕೆ ಇನ್ನೊಬ್ಬರ ಜಮೀನಿನ ಮೇಲೆ ಇರುವ ಹಕ್ಕನ್ನು 1882ರ ಈಸ್‌ಮೆಂಟ್ ಕಾಯ್ದೆ ಗುರುತಿಸುತ್ತದೆ. ಅದು ಜಮೀನಿನ ಜೊತೆಗೇ ಹೋಗುತ್ತದೆ, ಮಾಲೀಕ ಬದಲಾದರೂ ನಿಲ್ಲುತ್ತದೆ. ಬರೀ ಲೈಸೆನ್ಸ್, ಅಂದರೆ ಬಳಸಿಕೋ ಅನ್ನುವ ಅನುಮತಿ, ಕೊಟ್ಟರೆ ಆ ಬಲ ಇರಲ್ಲ. ಸರಿ, ಈಸ್‌ಮೆಂಟ್ ಅಂತ ಬರೆದರೆ ಮುಗಿಯಿತಾ? ಇಲ್ಲ. ನನ್ನ ಜಮೀನಿನಲ್ಲಿ ನಿನ್ನ ಪೈಪ್ ಇರಲಿ ಅಂತ ನಾನು ಸಹಿಸಿಕೊಳ್ಳಬೇಕೇ ಹೊರತು, ನಿನ್ನ ಅನುಕೂಲಕ್ಕೆ ನಾನೇನೂ ಕೆಲಸ ಮಾಡಬೇಕಿಲ್ಲ ಅನ್ನುತ್ತದೆ ಅದೇ ಕಾಯ್ದೆಯ ಸೆಕ್ಷನ್ 27. ಎಸ್‌ಟಿಪಿ ಅಂದ್ರೆ ದಿನಾ ಕೆಲಸ. ಬ್ಲೋವರ್ ಓಡಬೇಕು, ಕೆಸರು ತೆಗೆಯಬೇಕು, ಕರೆಂಟ್ ಬಿಲ್ ಕಟ್ಟಬೇಕು. ಹಾಗಾಗಿ ಎರಡು ಬೇಕು: ಪೈಪಿಗೂ ಜಾಗಕ್ಕೂ ಈಸ್‌ಮೆಂಟ್, ಓಡಿಸುವುದಕ್ಕೆ ಒಪ್ಪಂದ. ಆ ಒಪ್ಪಂದ ಅಸೋಸಿಯೇಷನ್ ಮೇಲೂ ಬರುವ ಹಾಗೆ, ಇಡೀ ಅಪಾರ್ಟ್‌ಮೆಂಟಿನ ಹಕ್ಕು ಮತ್ತು ಷರತ್ತು ಬರೆಯುವ ಡೀಡ್ ಆಫ್ ಡಿಕ್ಲರೇಷನ್‌ನಲ್ಲೂ, ಪ್ರತಿ ಸೇಲ್ ಡೀಡಿನಲ್ಲೂ ಸೇರಬೇಕು.

ಈಗ ನಾನು ಬರೆಯುವ ಷರತ್ತು ಹೀಗೆ ಶುರುವಾಗುತ್ತದೆ (ಬಿ ಷೆಡ್ಯೂಲ್ ಅಂದರೆ ಬಿಲ್ಡರ್‌ಗೆ ಕೊಟ್ಟ ಜಮೀನು, ಸಿ ಷೆಡ್ಯೂಲ್ ಅಂದರೆ ಮಾಲೀಕರು ಉಳಿಸಿಕೊಂಡದ್ದು): "ಬಿ ಷೆಡ್ಯೂಲ್ ಸ್ವತ್ತಿನಲ್ಲಿ ಕಟ್ಟುವ ಎಸ್‌ಟಿಪಿಯ ಒಟ್ಟು ಸಾಮರ್ಥ್ಯ 115 ಕೆಎಲ್‌ಡಿಗೆ ಕಡಿಮೆ ಇರತಕ್ಕದ್ದಲ್ಲ. ಅದರಲ್ಲಿ 15 ಕೆಎಲ್‌ಡಿ ಸಿ ಷೆಡ್ಯೂಲ್ ಸ್ವತ್ತಿಗೆ ಮೀಸಲು. ಈ ಮೀಸಲನ್ನು ಬಿ ಷೆಡ್ಯೂಲಿನ ಯಾವುದೇ ಹೆಚ್ಚುವರಿ ಮನೆ, ಕ್ಲಬ್ ಹೌಸ್ ಅಥವಾ ಅಂಗಡಿಗೆ ಬಳಸತಕ್ಕದ್ದಲ್ಲ." ಕೊನೆಯ ವಾಕ್ಯ ಮರೆತರೆ ಕಷ್ಟ. ಬಿಲ್ಡರ್ ಆಮೇಲೆ ಎಫ್‌ಎಆರ್ (ಜಾಗದ ಅಳತೆಗೆ ಎಷ್ಟು ಕಟ್ಟಬಹುದು ಅನ್ನುವ ಮಿತಿ) ಜಾಸ್ತಿ ಸಿಕ್ಕಿತು ಅಂತ ಎರಡು ಮಹಡಿ ಏರಿಸಿದರೆ ನಿಮ್ಮ 15 ಅಲ್ಲೇ ಕರಗುತ್ತದೆ.

ಬಿಲ್ಡರ್‌ಗಳು ಇದಕ್ಕೆ ಹೇಳುವ ತಕರಾರಿನಲ್ಲಿ ಒಂದು ನಿಜ ಇದೆ. ದೊಡ್ಡ ಎಸ್‌ಟಿಪಿಗೆ ಕಡಿಮೆ ಕೊಳಚೆ ಬಂದರೆ ಅದು ಸರಿಯಾಗಿ ಓಡಲ್ಲ. ಕೊಳಚೆ ಶುದ್ಧ ಮಾಡುವ ಒಳಗಿನ ಬ್ಯಾಕ್ಟೀರಿಯಾ ಊಟ ಸಾಲದೆ ಸೊರಗುತ್ತವೆ. ಅದಕ್ಕೆ ದಾರಿಯೂ ಇದೆ. ಕಾಂಕ್ರೀಟ್ ತೊಟ್ಟಿಗಳನ್ನು ಮೊದಲೇ ಪೂರ್ತಿ ಅಳತೆಗೆ, ಎರಡು ಭಾಗವಾಗಿ ಕಟ್ಟಿಸಿ. ಎರಡನೇ ಭಾಗದ ಪಂಪು, ಬ್ಲೋವರ್ ಬೇಕಾದಾಗ ಕೂರಿಸಿದರಾಯಿತು. ಯಂತ್ರ ಯಾವತ್ತಾದರೂ ತರಬಹುದು. ಮೇಲೆ ಹನ್ನೆರಡು ಮಹಡಿ ಎದ್ದ ಮೇಲೆ ಬೇಸ್‌ಮೆಂಟಿನ ತೊಟ್ಟಿ ಅಗಲ ಮಾಡೋಕಾಗುತ್ತಾ?

ಎಲ್ಲರೂ ಮರೆಯುವುದು ವಾಪಸ್ ಬರುವ ನೀರನ್ನು. 135 ಲೀಟರಿನಲ್ಲಿ ಫ್ಲಶ್‌ಗೆ ಹೋಗುವುದು 45 ಅಂತ ಲೆಕ್ಕ. 24 ಮನೆಯವರು ಸುಮಾರು 15 ಕೆಎಲ್‌ಡಿ ಕಳಿಸಿ, ಫ್ಲಶ್‌ಗೆ ಐದೂವರೆ ವಾಪಸ್ ತಗೊಳ್ಳಬಹುದು. ಉಳಿದ ಒಂಬತ್ತು ಎಲ್ಲಿಗೆ? ಗಿಡಕ್ಕೆ ಬೇಸಿಗೆಯಲ್ಲಿ ಹಾಕಬಹುದು, ಜುಲೈ ಮಳೆಯಲ್ಲಿ ಯಾರು ಹಾಕ್ತಾರೆ? ಕೊನೆಗೆ ಅದು ಟ್ಯಾಂಕರಿಗೋ ಮೋರಿಗೋ ಹೋಗುತ್ತದೆ. ಆದ್ದರಿಂದ ಎಷ್ಟು ಕೊಳಚೆ ಕಳಿಸಬಹುದು ಅನ್ನುವ ಪಕ್ಕದಲ್ಲೇ ಎಷ್ಟು ಶುದ್ಧ ಮಾಡಿದ ನೀರು ವಾಪಸ್ ತಗೊಳ್ಳಲೇಬೇಕು ಅಂತಲೂ ಬರೆಯುತ್ತೇನೆ. ಅದಕ್ಕೆ ಬೇರೆ ಪೈಪ್, ಬೇರೆ ಮೀಟರ್.

ಖರ್ಚಿನ ವಿಷಯದಲ್ಲಿ ನಾನು ಜಮೀನು ಮಾಲೀಕರ ಪರ ವಾದಿಸಿದರೂ ಒಂದು ಮಾತು ಅವರಿಗೇ ಹೇಳುತ್ತೇನೆ: ಮೀಸಲು ಪುಕ್ಕಟೆ ಇರಲ್ಲ. ಬಳಸದೆ ಕಾದಿರಿಸಿದ ವರ್ಷಗಳಿಗೂ ಒಂದು ಸಣ್ಣ ಸ್ಥಿರ ಮೊತ್ತ ಕೊಡಿ, ಬಳಸಲು ಶುರು ಮಾಡಿದ ಮೇಲೆ ಮೀಟರ್ ಪ್ರಕಾರ ಕೊಡಿ. ಹಾಗೆ ಕೊಟ್ಟ ರಸೀದಿಯೇ ಮುಂದೆ ನಿಮ್ಮ ಹಕ್ಕಿಗೆ ಸಾಕ್ಷಿ. ಕಾಲಮಿತಿಯನ್ನೂ ಹಾಕಿ. ಯುಜಿಡಿ ಬಂದ ದಿನ ಮೀಸಲು ಮುಗಿಯುತ್ತಾ, ಉಳಿಯುತ್ತಾ ಅನ್ನೋದನ್ನೂ ಈಗಲೇ ಬರೆದುಬಿಡಿ.

ಯಜಮಾನರ ಕೇಸು ಕೋರ್ಟಿಗೆ ಹೋಗಲಿಲ್ಲ. ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯುವ ಮೀಡಿಯಾ ಜಾಸ್ತಿ ತುಂಬಿ, ಇನ್ನೊಂದು ಬ್ಲೋವರ್ ಇಟ್ಟರೆ 110 ಕೆಎಲ್‌ಡಿವರೆಗೆ ಏರಿಸಬಹುದು, ತೊಟ್ಟಿ ಸಣ್ಣದು, ಅದಕ್ಕಿಂತ ಆಗಲ್ಲ ಅಂದರು ಇಂಜಿನಿಯರ್. ಖರ್ಚೆಲ್ಲ ಯಜಮಾನರದು. ಅವರ ಇಪ್ಪತ್ತು ಗುಂಟೆಯಲ್ಲೇ ಒಂದು ಈಕ್ವಲೈಸೇಷನ್ ಟ್ಯಾಂಕ್ ಕಟ್ಟಿ, ಕೊಳಚೆಯನ್ನು ಮಧ್ಯಾಹ್ನ ಮತ್ತು ರಾತ್ರಿ ಮಾತ್ರ ಬಿಡಬೇಕು. ಅಸೋಸಿಯೇಷನ್ ಸಾಮಾನ್ಯ ಸಭೆ ಎರಡು ಸಲ ಕೋರಂ ಇಲ್ಲದೆ ಮುಂದೆ ಹೋಗಿ ಮೂರನೇ ಸಲ ಒಪ್ಪಿತು. ಒಪ್ಪಂದವನ್ನು ರಿಜಿಸ್ಟರ್ ಮಾಡಿಸಿ, ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಕಾಣಿಸಿಕೊಳ್ಳುವವರೆಗೂ ಕಾದೆವು. ಅದರಲ್ಲಿ ಬರೆದ ಮೀಸಲು 12 ಕೆಎಲ್‌ಡಿ. 24 ಮನೆಯ ಪ್ಲಾನು 19ಕ್ಕೆ ಇಳಿಯಿತು.

ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಇಳಿಯುತ್ತಾ ಯಜಮಾನರು ಮಗನ ಕಡೆ ತಿರುಗಿ, "ಐದು ಮನೆ ಹೋಯ್ತಲ್ಲೋ" ಅಂದರು. ಮಗ ಫೋನಿನಲ್ಲಿ ಆರ್ಕಿಟೆಕ್ಟ್ ಜೊತೆ ಮಾತಾಡುತ್ತಿದ್ದ.