ಕೊನೆಯ ತಿಂಗಳ ತುರ್ತು ಭೇಟಿ: ಒಂದು ಎಣಿಕೆ ಬೆಳೆದುಬಂದ ಬಗೆ

ಗುಣವಾಗದ ಹಂತ ತಲುಪಿದ ಶ್ವಾಸಕೋಶದ ಕ್ಯಾನ್ಸರ್ ರೋಗಿಯೊಬ್ಬರಿಗೆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಉಸಿರಾಡುವುದು ಕಷ್ಟವಾಗುತ್ತದೆ ಎಂದುಕೊಳ್ಳೋಣ. ಮನೆಗೆ ಬಂದುಹೋಗುವ ಉಪಶಾಮಕ ಆರೈಕೆಯ (ರೋಗ ಗುಣವಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆಯ) ನರ್ಸ್ ಬರೆದುಕೊಟ್ಟ ಫೋನ್ ನಂಬರು ಹಾಸಿಗೆಯ ಪಕ್ಕದಲ್ಲೇ ಇದೆ; ಆದರೆ ಅಲ್ಲಿ ಯಾರಾದರೂ ಫೋನ್ ಎತ್ತುವುದು ಬೆಳಗ್ಗೆ ಕಚೇರಿ ತೆರೆದ ಮೇಲೆ. ಮಾರ್ಫಿನ್ ದ್ರಾವಣದ ಸೀಸೆಯೂ ಇದೆ. ಆದರೆ ಸಂಜೆ ಒಮ್ಮೆ ಕೊಟ್ಟಾಗಿರುವಾಗ ಮತ್ತೆ ಕೊಟ್ಟರೆ ಏನಾದೀತೋ ಎಂಬ ಅಂಜಿಕೆ ಮನೆಯವರಿಗೆ. ಕೊನೆಗೆ ಆಂಬುಲೆನ್ಸ್ ಬರುತ್ತದೆ. ಒಂದು ಗಂಟೆಯೊಳಗೆ ರೋಗಿ ತುರ್ತು ಚಿಕಿತ್ಸಾ ವಿಭಾಗದ ಸ್ಟ್ರೆಚರ್ ಮೇಲಿರುತ್ತಾರೆ, ಮುಖಕ್ಕೆ ಆಮ್ಲಜನಕದ ಮಾಸ್ಕ್, ಕೈಗೆ ಡ್ರಿಪ್, ಎದೆಯ ಎಕ್ಸ್-ರೇಗೆ ಚೀಟಿ. ರೋಗಿಯನ್ನು ಮೊದಲ ಸಲ ನೋಡುತ್ತಿರುವ ವೈದ್ಯರು, ಹೃದಯ ನಿಂತರೆ ಮತ್ತೆ ಚಾಲನೆಗೆ ಪ್ರಯತ್ನಿಸಬೇಕೇ ಎಂದು ಕಾರಿಡಾರಿನಲ್ಲಿ ನಿಂತ ಮಗಳನ್ನು ಕೇಳುತ್ತಾರೆ.

ಇಂಥ ಭೇಟಿಗಳನ್ನು ಸಂಶೋಧಕರು ವ್ಯವಸ್ಥಿತವಾಗಿ ಎಣಿಸತೊಡಗಿ ಎರಡು ದಶಕಗಳು ದಾಟಿವೆ. ಆರೈಕೆಯ ವ್ಯವಸ್ಥೆಯಲ್ಲಿ ಎಲ್ಲಿ ಬಿರುಕಿದೆ ಎಂದು ಕಂಡುಕೊಳ್ಳಲು ಹುಟ್ಟಿದ ಈ ಎಣಿಕೆ, ಬರಬರುತ್ತ ರೋಗಿಯೂ ಮನೆಯವರೂ ಮಾಡಿದ ತಪ್ಪಿನ ಲೆಕ್ಕದಂತೆ ಬಳಕೆಯಾಗಿದ್ದೂ ಉಂಟು. ಅದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಬದುಕಿನ ಕೊನೆಯ ಹಂತದಲ್ಲಿರುವವರ ಆರೈಕೆಯ ತಾಣ) ತೆರೆದರು. ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ, ನಂಬಿಕೆಯ ನೋವುಗಳನ್ನೂ ಒಟ್ಟಾಗಿ ನೋಡಬೇಕೆಂಬ ಅವರ ನಿಲುವೇ ಆಧುನಿಕ ಉಪಶಾಮಕ ಆರೈಕೆಯ ಬುನಾದಿ. 1975ರಲ್ಲಿ ಮಾಂಟ್ರಿಯಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಬಾಲ್ಫೋರ್ ಮೌಂಟ್ ಇದೇ ಕೆಲಸವನ್ನು ದೊಡ್ಡ ಆಸ್ಪತ್ರೆಯೊಳಗೆ ತಂದು, ಅದಕ್ಕೆ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರು ಕೊಟ್ಟರು. ಕುತೂಹಲದ ಸಂಗತಿಯೆಂದರೆ, ತುರ್ತು ವೈದ್ಯಕೀಯವೂ ಒಂದು ಸ್ವತಂತ್ರ ಶಾಖೆಯಾಗಿ ಹೊಮ್ಮಿದ್ದು ಇದೇ ಕಾಲದಲ್ಲಿ: ಬ್ರಿಟನ್ನಿನಲ್ಲಿ ಈ ವೈದ್ಯರ ಮೊದಲ ಸಂಘ ಕಟ್ಟಿದ್ದು 1967ರಲ್ಲೇ, ಅಮೆರಿಕದಲ್ಲಿ ಅದಕ್ಕೆ ತಜ್ಞ ಶಾಖೆಯ ಮಾನ್ಯತೆ ಸಿಕ್ಕಿದ್ದು 1979ರಲ್ಲಿ. ಒಂದು ಶಾಖೆ ನಿಧಾನವಾಗಿ ಕೂತು ಕೇಳಿಸಿಕೊಳ್ಳುವುದನ್ನು ಕಲಿಸಿತು. ಇನ್ನೊಂದು, ಮೊದಲು ಜೀವ ಉಳಿಸು, ವಿಚಾರಣೆ ಆಮೇಲೆ ಎಂದು ಕಲಿಸಿತು. ಒಂದೇ ವಯಸ್ಸಿನ ಈ ಎರಡು ವಿದ್ಯೆಗಳು ಮೂರು ದಶಕಗಳ ಕಾಲ ಪರಸ್ಪರ ಮಾತಾಡಿದ್ದು ಕಡಿಮೆ.

ಸಾಯುವವರ ಆರೈಕೆ ನಿಜಕ್ಕೂ ಹೇಗಿದೆ ಎಂಬ ಪ್ರಶ್ನೆಗೆ ಅಂಕಿಗಳ ಉತ್ತರ ಸಿಕ್ಕಿದ್ದು 1995ರಲ್ಲಿ. ಅಮೆರಿಕದ ಐದು ಆಸ್ಪತ್ರೆಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ತೀವ್ರ ಅಸ್ವಸ್ಥರನ್ನು ಒಳಗೊಂಡ ಸಪೋರ್ಟ್ ಅಧ್ಯಯನದ ಪ್ರಕಾರ, ಪ್ರಜ್ಞೆಯಿದ್ದು ಆಸ್ಪತ್ರೆಯಲ್ಲೇ ತೀರಿಕೊಂಡವರಲ್ಲಿ ಅರ್ಧದಷ್ಟು ಮಂದಿ ಕೊನೆಯ ದಿನಗಳ ಅರ್ಧ ಸಮಯವನ್ನಾದರೂ ಸಾಕಷ್ಟು ನೋವಿನಲ್ಲೇ ಕಳೆದಿದ್ದರೆಂದು ಮನೆಯವರು ಹೇಳಿದ್ದರು. ಪರಿಸ್ಥಿತಿಯನ್ನು ಸುಧಾರಿಸಲು ಅದೇ ಅಧ್ಯಯನದಲ್ಲಿ ಕೈಗೊಂಡ ಕ್ರಮಗಳೂ ಫಲ ಕೊಡಲಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಲಕ್ಷಾಂತರ ರೋಗಿಗಳನ್ನು ಹಾಸಿಗೆಯ ಪಕ್ಕ ಕೂತು ಮಾತಾಡಿಸುವುದು ಅಸಾಧ್ಯ. 2003ರಲ್ಲಿ ಕ್ರೇಗ್ ಅರ್ಲ್ ಮತ್ತು ಸಂಗಡಿಗರು ಬೇರೆ ದಾರಿ ಸೂಚಿಸಿದರು. ವಿಮೆಯ ಬಿಲ್ಲು, ಆಸ್ಪತ್ರೆಯ ದಾಖಲೆ ಮುಂತಾಗಿ ಆಡಳಿತದ ಕೆಲಸಕ್ಕೆಂದು ಹೇಗೂ ಸಂಗ್ರಹವಾಗುವ ಮಾಹಿತಿಯಿಂದಲೇ ಆರೈಕೆಯ ಗುಣಮಟ್ಟವನ್ನು ಅಂದಾಜು ಮಾಡಬಹುದೆಂದು ಹೇಳಿ, ಅದಕ್ಕೆ ಕೆಲವು ಸೂಚಕಗಳನ್ನು ಗುರುತಿಸಿದರು. ಸಾವಿಗೆ ತೀರ ಹತ್ತಿರದವರೆಗೂ ಮುಂದುವರಿದ ಕೀಮೋಥೆರಪಿ, ಕೊನೆಯ ತಿಂಗಳಲ್ಲಿ ತೀವ್ರ ನಿಗಾ ಘಟಕದ ದಾಖಲಾತಿ, ತೀರ ತಡವಾಗಿ ಹಾಸ್ಪಿಸ್ ಸೇರುವುದು, ಮತ್ತು ಕೊನೆಯ ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ತುರ್ತು ವಿಭಾಗಕ್ಕೆ ಬರುವುದು ಆ ಪಟ್ಟಿಯಲ್ಲಿದ್ದವು. ಇಲ್ಲಿ ಒಂದು ಮಾತು ನೆನಪಿಡಬೇಕು. ತುರ್ತು ಭೇಟಿ ಎಣಿಕೆಗೆ ಸಿಕ್ಕಿದ್ದು ಅದು ಬಿಲ್ಲಿನಲ್ಲಿ ಗುರುತು ಬಿಡುತ್ತದೆಂಬ ಕಾರಣಕ್ಕೆ. ನೋವು, ಭಯ, ಮನೆಯವರ ನಿದ್ದೆಗೇಡು ಬಿಲ್ಲಿಗೆ ಬರುವುದಿಲ್ಲ. ಈ ಸೂಚಕಗಳು ಒಂದು ಊರಿನ ಅಥವಾ ಆಸ್ಪತ್ರೆಯ ಒಟ್ಟು ವ್ಯವಸ್ಥೆಯನ್ನು ಹೋಲಿಸಿ ನೋಡಲು ತಕ್ಕವೇ ಹೊರತು, ಒಬ್ಬ ರೋಗಿ ಆ ರಾತ್ರಿ ಬಂದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ತಕ್ಕವಲ್ಲ.

ಎಣಿಕೆ ಶುರುವಾದ ಮೇಲೆ ಬಂದ ಸಂಖ್ಯೆಗಳು ದೊಡ್ಡವೇ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2002ರಿಂದ 2005ರ ನಡುವೆ ಕ್ಯಾನ್ಸರಿನಿಂದ ತೀರಿಕೊಂಡ 91,561 ಜನರ ದಾಖಲೆಗಳನ್ನು ಲೀಸಾ ಬಾರ್ಬೆರಾ ಮತ್ತು ಸಹೋದ್ಯೋಗಿಗಳು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಅವರಲ್ಲಿ 76,759 ಮಂದಿ ಕೊನೆಯ ಆರು ತಿಂಗಳಲ್ಲಿ ಒಟ್ಟು 1,94,017 ಸಲ ತುರ್ತು ವಿಭಾಗಕ್ಕೆ ಬಂದಿದ್ದರು; ಕೊನೆಯ ಎರಡೇ ವಾರಗಳಲ್ಲಿ ಬಂದವರು 31,076 ಮಂದಿ, ಅಂದರೆ ಮೂವರಲ್ಲಿ ಒಬ್ಬರು. ಬಂದ ಕಾರಣಗಳನ್ನು ನೋಡಿದರೆ ಹೊಟ್ಟೆನೋವು, ಉಸಿರಾಟದ ತೊಂದರೆ, ನ್ಯುಮೋನಿಯಾ, ವಿಪರೀತ ನಿತ್ರಾಣ, ಶ್ವಾಸಕೋಶದ ಸುತ್ತ ನೀರು ತುಂಬಿಕೊಳ್ಳುವುದು ಮುಂತಾದವೇ ಮುಂದಿವೆ. ಕ್ಯಾನ್ಸರ್ ಮುಂದುವರಿದಂತೆ ಇವು ಬರಬಹುದೆಂದು ವೈದ್ಯರಿಗೆ ಮೊದಲೇ ಗೊತ್ತಿರುತ್ತದೆ.

ಎರಡು ವರ್ಷಗಳ ಬಳಿಕ ಅಲೆಕ್ಸಾಂಡರ್ ಸ್ಮಿತ್ ನೇತೃತ್ವದ ಅಧ್ಯಯನ ಇದು ಕ್ಯಾನ್ಸರಿಗೆ ಸೀಮಿತವಲ್ಲವೆಂದು ತೋರಿಸಿತು. ಅಮೆರಿಕದ ಹಿರಿಯರಲ್ಲಿ ಶೇ 51ರಷ್ಟು ಮಂದಿ ಬದುಕಿನ ಕೊನೆಯ ತಿಂಗಳಲ್ಲಿ ತುರ್ತು ವಿಭಾಗ ಕಂಡಿದ್ದರು. ಹಾಗೆ ಬಂದವರಲ್ಲಿ ಶೇ 77ರಷ್ಟು ಮಂದಿ ಆಸ್ಪತ್ರೆಗೆ ದಾಖಲಾದರು, ದಾಖಲಾದವರಲ್ಲಿ ಶೇ 68ರಷ್ಟು ಮಂದಿ ಅಲ್ಲೇ ತೀರಿಕೊಂಡರು. ಸಾವಿಗೆ ಒಂದು ತಿಂಗಳಾದರೂ ಮುಂಚೆ ಹಾಸ್ಪಿಸ್ ಸೇರಿದ್ದವರಲ್ಲಿ ಮಾತ್ರ ತುರ್ತು ಭೇಟಿ ಶೇ 10ಕ್ಕಿಂತ ಕಡಿಮೆಯಿತ್ತು.

ಇಲ್ಲಿಂದ ಮುಂದೆ ಚರ್ಚೆ ಒಂದು ಪದದ ಸುತ್ತ ಸುತ್ತತೊಡಗಿತು: ತಪ್ಪಿಸಬಹುದಾದ ಭೇಟಿ. ಟೆಕ್ಸಾಸಿನ ಎಂ.ಡಿ. ಆ್ಯಂಡರ್‌ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಉಪಶಾಮಕ ಆರೈಕೆಯ ಹೊರರೋಗಿಗಳ ತುರ್ತು ಭೇಟಿಗಳನ್ನು ಪರಿಶೀಲಿಸಿದಾಗ, ಸುಮಾರು ನಾಲ್ಕರಲ್ಲಿ ಒಂದು ಮಾತ್ರ ತಪ್ಪಿಸಬಹುದಾಗಿತ್ತೆಂದು 2015ರಲ್ಲಿ ವರದಿಯಾಯಿತು. ಮಿಕ್ಕವರಿಗೆ ಆ ಹೊತ್ತಿನಲ್ಲಿ ತುರ್ತು ವಿಭಾಗವೇ ಸರಿಯಾದ ಜಾಗವಾಗಿತ್ತು. ಮೂಳೆ ಮುರಿದಾಗ, ಬೆನ್ನುಹುರಿ ಒತ್ತಿ ಕಾಲಿನ ಶಕ್ತಿ ಹೋದಾಗ, ರಕ್ತಸ್ರಾವ ನಿಲ್ಲದಿದ್ದಾಗ ಮನೆಯಲ್ಲಿ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಇನ್ನು, ತಪ್ಪಿಸಬಹುದಾಗಿತ್ತೆಂಬ ತೀರ್ಪು ಬರುವುದು ಎಲ್ಲ ಪರೀಕ್ಷೆಗಳ ಫಲಿತಾಂಶ ಕೈಯಲ್ಲಿ ಹಿಡಿದ ಮೇಲೆ. ರಾತ್ರಿ ಎರಡು ಗಂಟೆಗೆ ಆ ಮನೆಯಲ್ಲಿ ಅದ್ಯಾವುದೂ ಇರಲಿಲ್ಲ ಎಂಬುದನ್ನು ಈ ಪದ ಮರೆಸುತ್ತದೆ.

ಹೊರಗಿನ ಆರೈಕೆ ಬಲವಾದರೆ ಭೇಟಿ ಕಡಿಮೆಯಾಗುತ್ತದೆ ಎಂಬುದಕ್ಕೆ ಮಾತ್ರ ಪುರಾವೆ ಒಂದೊಂದಾಗಿ ಸೇರುತ್ತ ಬಂತು. 2007ರಲ್ಲಿ ಪ್ರಕಟವಾದ ಬ್ರಮ್ಲಿ ಮತ್ತು ಸಂಗಡಿಗರ ಯಾದೃಚ್ಛಿಕ ಪ್ರಯೋಗದಲ್ಲಿ (ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಿಗೆ ಹಂಚಿ ಹೋಲಿಸುವ ಪ್ರಯೋಗ), ಮನೆಯಲ್ಲೇ ಉಪಶಾಮಕ ಆರೈಕೆ ಪಡೆದವರಲ್ಲಿ ಶೇ 20ರಷ್ಟು ಮಂದಿ ತುರ್ತು ವಿಭಾಗಕ್ಕೆ ಹೋದರೆ, ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಆ ಪ್ರಮಾಣ ಶೇ 33ರಷ್ಟಿತ್ತು. ಒಂಟಾರಿಯೊದ 11 ಸಮುದಾಯ ತಂಡಗಳ ಕೆಲಸವನ್ನು ಸಿಯಾವ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ವಿಶ್ಲೇಷಿಸಿದಾಗ, ಕೊನೆಯ ಎರಡು ವಾರಗಳಲ್ಲಿ ತುರ್ತು ವಿಭಾಗಕ್ಕೆ ಬಂದವರ ಪ್ರಮಾಣ ಎಂದಿನ ಆರೈಕೆಯಲ್ಲಿದ್ದವರಲ್ಲಿ ಶೇ 34.5 ಇದ್ದರೆ, ತಂಡದ ಆರೈಕೆಯಲ್ಲಿದ್ದವರಲ್ಲಿ ಶೇ 28.9 ಇತ್ತು. ಇಳಿಕೆ ನಿಜ, ಆದರೆ ಒಳ್ಳೆಯ ತಂಡವಿದ್ದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಂದೇ ಬರುತ್ತಾರೆ. 2015ರಲ್ಲಿ ಹೆನ್ಸನ್ ಮತ್ತು ಸಂಗಡಿಗರು 30 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಉಪಶಾಮಕ ಆರೈಕೆ ಪಡೆದವರಲ್ಲಿ ಕೊನೆಯ ತಿಂಗಳ ಭೇಟಿ ಸ್ಪಷ್ಟವಾಗಿ ಕಡಿಮೆಯಿತ್ತು. ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲೂ ಕಡುಬಡವರಲ್ಲೂ ಹೆಚ್ಚಿತ್ತು. ಇಂಥ ಬಹುಪಾಲು ಅಧ್ಯಯನಗಳು ಹಳೆಯ ದಾಖಲೆಗಳನ್ನು ಆಧರಿಸಿದವು. ಉಪಶಾಮಕ ಆರೈಕೆಯನ್ನು ಒಪ್ಪಿಕೊಳ್ಳುವವರು ಮೊದಲೇ ಆಸ್ಪತ್ರೆ ಬೇಡವೆಂದುಕೊಂಡವರೂ ಆಗಿರಬಹುದು ಎಂಬ ಸಂಶಯ ಅವುಗಳಿಗೆ ಅಂಟಿಕೊಂಡೇ ಇದೆ.

ಮನೆಗೆ ಬರುವ ಉಪಶಾಮಕ ತಂಡಗಳು ಮಾಡುವುದಾದರೂ ಏನು? ರಾತ್ರಿಯೂ ಯಾರಾದರೂ ಫೋನ್ ಎತ್ತುತ್ತಾರೆ. ಬೇಕಾಗುವ ಔಷಧವನ್ನು ಮೊದಲೇ ಮನೆಯಲ್ಲಿ ಇಟ್ಟಿರುತ್ತಾರೆ: ನೋವಿಗೂ ಉಸಿರಾಟದ ಸಂಕಟಕ್ಕೂ ಮಾರ್ಫಿನ್, ತಳಮಳಕ್ಕೆ ಮಿಡಜೋಲಾಮ್, ವಾಕರಿಕೆಗೆ ಹ್ಯಾಲೊಪೆರಿಡಾಲ್, ಗಂಟಲಿನ ಗುರುಗುಟ್ಟುವ ಸ್ರಾವಕ್ಕೆ ಗ್ಲೈಕೋಪೈರೋನಿಯಂ. ದಿನಕ್ಕೆ ಒಟ್ಟು 60 ಮಿಲಿಗ್ರಾಂ ಮಾರ್ಫಿನ್ ನುಂಗುವವರಿಗೆ ನಡುವೆ ನೋವು ಉಲ್ಬಣಿಸಿದರೆ ಸಾಮಾನ್ಯವಾಗಿ ಅದರ ಆರರಲ್ಲೊಂದು ಭಾಗ, ಅಂದರೆ 10 ಮಿಲಿಗ್ರಾಂ, ಹೆಚ್ಚುವರಿಯಾಗಿ ಕೊಡಲು ಬರೆದಿಡುತ್ತಾರೆ. ಅದನ್ನು ಯಾವಾಗ, ಎಷ್ಟು ಹೊತ್ತಿನ ಅಂತರದಲ್ಲಿ ಕೊಡಬಹುದೆಂದು ಮನೆಯವರಿಂದಲೇ ಒಮ್ಮೆ ಹೇಳಿಸಿ ನೋಡುತ್ತಾರೆ. ಎದೆಯಲ್ಲಿ ಪದೇ ಪದೇ ನೀರು ತುಂಬುವವರಿಗೆ ಮನೆಯಲ್ಲೇ ತೆಗೆಯುವಂತೆ ತೆಳು ಕೊಳವೆಯೊಂದನ್ನು ಅಳವಡಿಸಿ ಕಳಿಸುವುದೂ ಉಂಟು. ಇದರಲ್ಲಿ ದೊಡ್ಡ ತಂತ್ರಜ್ಞಾನವೇನೂ ಇಲ್ಲ. ಮೊದಲೇ ಯೋಚಿಸಿರಬೇಕು, ಅಷ್ಟೆ.

ಇತ್ತ ತುರ್ತು ವಿಭಾಗವೂ ಸುಮ್ಮನೆ ಕೂರಲಿಲ್ಲ. 2006ರಲ್ಲಿ ಅಮೆರಿಕದಲ್ಲಿ ಉಪಶಾಮಕ ವೈದ್ಯಕೀಯ ಉಪಶಾಖೆಯಾದಾಗ, ಅದನ್ನು ಬೆಂಬಲಿಸಿದ ಹತ್ತು ತಜ್ಞ ಮಂಡಳಿಗಳಲ್ಲಿ ತುರ್ತು ವೈದ್ಯಕೀಯದ ಮಂಡಳಿಯೂ ಇತ್ತು. 2013ರಲ್ಲಿ ಅಲ್ಲಿನ ತುರ್ತು ವೈದ್ಯರ ಸಂಘ, ಪ್ರಯೋಜನವಾಗಬಲ್ಲ ರೋಗಿಗಳಿಗೆ ಉಪಶಾಮಕ ಸೇವೆಯನ್ನು ಕರೆಸಲು ತಡಮಾಡಬೇಡಿ ಎಂದು ತನ್ನ ಸದಸ್ಯರಿಗೆ ಸಲಹೆ ನೀಡಿತು. ಕೋರಿಟಾ ಗ್ರಡ್ಜೆನ್ ಮತ್ತು ತಂಡ 136 ಕ್ಯಾನ್ಸರ್ ರೋಗಿಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುರ್ತು ವಿಭಾಗಕ್ಕೆ ಬಂದಾಗಲೇ ಉಪಶಾಮಕ ತಂಡದ ಸಂಪರ್ಕ ಸಿಕ್ಕವರ ಬದುಕಿನ ಗುಣಮಟ್ಟ 12 ವಾರಗಳಲ್ಲಿ ಹೆಚ್ಚು ಸುಧಾರಿಸಿತ್ತು.

ಅದೇ ತಂಡ ನಂತರ 29 ತುರ್ತು ವಿಭಾಗಗಳಲ್ಲಿ ಹೆಚ್ಚು ವ್ಯಾಪಕವಾದ ಪ್ರಯೋಗಕ್ಕೆ ಕೈಹಾಕಿತು. ಈ ಸಲ ಹೊಸ ತಜ್ಞರನ್ನು ತರುವ ಬದಲು ಅಲ್ಲಿದ್ದ ವೈದ್ಯರಿಗೂ ನರ್ಸ್‌ಗಳಿಗೂ ಕಠಿಣ ಮಾತುಕತೆ ನಡೆಸುವ ತರಬೇತಿ ಕೊಟ್ಟು, ಅಪಾಯದಲ್ಲಿರುವ ಹಿರಿಯರನ್ನು ಗುರುತಿಸಲು ಕಂಪ್ಯೂಟರಿನಲ್ಲಿ ಸೂಚನೆ ಬರುವಂತೆ ಮಾಡಿದ್ದರು. 2025ರಲ್ಲಿ ಬಂದ ಫಲಿತಾಂಶದಲ್ಲಿ ಆಸ್ಪತ್ರೆ ದಾಖಲಾತಿ ಗಣನೀಯವಾಗಿ ಇಳಿದಿರಲಿಲ್ಲ. ತರಬೇತಿ ವ್ಯರ್ಥವೆಂದು ಇದನ್ನು ಓದಿಕೊಂಡವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ವೈದ್ಯರು ಎಷ್ಟೇ ಚೆನ್ನಾಗಿ ಮಾತಾಡಿದರೂ, ಆ ಮಾತು ಮುಗಿದ ಮೇಲೆ ರೋಗಿಯನ್ನು ಎಲ್ಲಿಗಾದರೂ ಕಳಿಸಬೇಕು. ಉಸಿರು ಕಟ್ಟುತ್ತಿದ್ದ ಆ ರೋಗಿ ನಸುಕಿನ ನಾಲ್ಕಕ್ಕೆ ಸ್ವಲ್ಪ ಸುಧಾರಿಸಿ ಮನೆಗೆ ಹೋಗುತ್ತೇನೆ ಎಂದರೂ, ಅವರನ್ನು ಮುಂದೆ ನೋಡಿಕೊಳ್ಳುತ್ತೇವೆಂದು ಆ ಹೊತ್ತಿನಲ್ಲಿ ಹೇಳಬಲ್ಲ ತಂಡ ಹೊರಗಿಲ್ಲದಿದ್ದರೆ, ವೈದ್ಯರು ಬರೆಯುವುದು ದಾಖಲಾತಿಯ ಚೀಟಿಯನ್ನೇ.