ಸಾಲಿನ ಎರಡು ತುದಿಗಳೇ ಯಜಮಾನರು

ಉದ್ದಕ್ಕೆ ಮನೆಗಳ ಒಂದು ಸಾಲು. ಒಂದು ಮನೆಗೆ ಒಂದೇ ಕಣ. ಬಲಗಡೆಯ ಮನೆ ಖಾಲಿ ಇದ್ದರೆ ಕಣ ಅಲ್ಲಿಗೆ ನೆಗೆಯುತ್ತದೆ, ಇಲ್ಲದಿದ್ದರೆ ಸುಮ್ನೆ ಕಾಯುತ್ತದೆ. ಯಾವ ಗಳಿಗೆಯಲ್ಲಿ ನೆಗೆಯುತ್ತದೆ ಎಂಬುದು ಆಕಸ್ಮಿಕ, ಸರಾಸರಿ ದರ ಮಾತ್ರ 1. ಇದೇ ಟಾಸೆಪ್ (TASEP, totally asymmetric simple exclusion process) ಮಾದರಿ. 1968ರಲ್ಲಿ ಮ್ಯಾಕ್‌ಡೊನಾಲ್ಡ್, ಗಿಬ್ಸ್ ಮತ್ತು ಪಿಪ್ಕಿನ್ ಇದನ್ನು ಬಳಸಿದ್ದು ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ಎಂಆರ್‌ಎನ್‌ಎ ಎಂಬ ಎಳೆಯ ಮೇಲೆ ಸಾಗುವ ಬಗೆಯನ್ನು ತಿಳಿಯಲು. 1970ರಲ್ಲಿ ಫ್ರಾಂಕ್ ಸ್ಪಿಟ್ಜರ್ ಗಣಿತದ ದಾರಿಯಿಂದ ಇಲ್ಲಿಗೇ ಬಂದರು.

ಸಾಲನ್ನು ಬಾಗಿಸಿ ಬಳೆ ಮಾಡಿದರೆ ಲೆಕ್ಕ ಸುಲಭ. ಕಣಗಳು ಹೇಗೆ ಕೂತರೂ ಎಲ್ಲ ಜೋಡಣೆಗೂ ಒಂದೇ ಸಂಭವ. ದೊಡ್ಡ ಬಳೆಯಲ್ಲಿ ತುಂಬಿದ ಮನೆಗಳ ಪಾಲನ್ನು ಖಾಲಿ ಮನೆಗಳ ಪಾಲಿನಿಂದ ಗುಣಿಸಿದರೆ ಹರಿವು, ಅಂದರೆ ಒಂದು ಜಾಗವನ್ನು ಒಂದು ಕಾಲಮಾನದಲ್ಲಿ ದಾಟುವ ಕಣಗಳ ಸರಾಸರಿ ಸಂಖ್ಯೆ, ಸಿಗುತ್ತದೆ. ಅರ್ಧ ತುಂಬಿದಾಗ ಅದು ಅತಿ ಹೆಚ್ಚು, 0.25.

ತುದಿಗಳನ್ನು ತೆರೆದಾಗಲೇ ಮಜಾ ಶುರು. ಎಡದಿಂದ ಕಣ ಒಳಬರುವ ದರ ಆಲ್ಫಾ, ಬಲದಿಂದ ಹೊರಹೋಗುವ ದರ ಬೀಟಾ. ಆಲ್ಫಾ 0.3, ಬೀಟಾ 0.8 ಎಂದಿಡಿ. ನಡುವಿನ ಸಾಂದ್ರತೆ (ತುಂಬಿದ ಮನೆಗಳ ಪಾಲು) 0.3, ಹರಿವು 0.21. ಎರಡನ್ನೂ ಅದಲುಬದಲು ಮಾಡಿ. ಹರಿವು ಅದೇ 0.21, ಆದರೆ ಸಾಂದ್ರತೆ 0.7. ಅಂದರೆ ಹರಿವೊಂದನ್ನೇ ಅಳೆದವರಿಗೆ ಒಳಗಿನ ನೂಕುನುಗ್ಗಲು ಗೊತ್ತೇ ಆಗುವುದಿಲ್ಲ. ಆ ಎರಡನೆಯ ಸ್ಥಿತಿಯಲ್ಲಿ ಆಲ್ಫಾವನ್ನು ಇನ್ನೂ ಜಾಸ್ತಿ ಮಾಡಿದರೂ ಹರಿವು ಕದಲುವುದಿಲ್ಲ. ಹಿಡಿತ ಇರುವುದು ಬೀಟಾದ ಕೈಯಲ್ಲಿ. ಎರಡೂ 0.5 ದಾಟಿದರೆ ತುದಿಗಳ ಆಟ ಮುಗಿಯಿತು: ಹರಿವು 0.25ಕ್ಕೆ ನಿಲ್ಲುತ್ತದೆ.

ಇಷ್ಟನ್ನು ಅಕ್ಕಪಕ್ಕದ ಮನೆಗಳಿಗೆ ಸಂಬಂಧವೇ ಇಲ್ಲ ಎಂದುಕೊಂಡು ಮಾಡುವ ಒರಟು ಲೆಕ್ಕವೂ ಸರಿಯಾಗಿ ಹೇಳುತ್ತದೆ. ಅದೃಷ್ಟ ಅಂತಲೇ ನನ್ನ ಅಭಿಪ್ರಾಯ. ಏಕೆಂದರೆ ಗರಿಷ್ಠ ಹರಿವಿನಲ್ಲಿ ತುದಿಯ ಪ್ರಭಾವ ಒಳಗೆ ಹೋದಂತೆ ಎಷ್ಟು ಬೇಗ ಇಳಿಯುತ್ತದೆ ಎಂದು ಕೇಳಿದರೆ ಆ ಒರಟು ಲೆಕ್ಕ ತಪ್ಪುತ್ತದೆ. ಅದರ ಪ್ರಕಾರ ದೂರ ನಾಲ್ಕು ಪಟ್ಟಾದರೆ ಪ್ರಭಾವ ಕಾಲು ಭಾಗಕ್ಕಿಳಿಯಬೇಕು. ನಿಜದಲ್ಲಿ ಅರ್ಧಕ್ಕಷ್ಟೇ ಇಳಿಯುತ್ತದೆ. 1993ರಲ್ಲಿ ಬಂದ ನಿಖರ ಪರಿಹಾರಗಳು ಇದನ್ನು ತೋರಿಸಿದವು.

ಇದನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಲು ಪ್ರೋಗ್ರಾಂ ಬರೆಯುವವರಿಗೆ ಒಂದು ಮಾತು. ಪ್ರತಿ ಸಲ ಒಂದು ಮನೆಯನ್ನು ಯಾದೃಚ್ಛಿಕವಾಗಿ ಆರಿಸಿ. ಎಲ್ಲ ಕಣಗಳನ್ನೂ ಒಟ್ಟಿಗೆ ನೆಗೆಸಿದರೆ ಅದು ಬೇರೆಯೇ ಮಾದರಿ, ಈ ಅಂಕಿಗಳು ಬರುವುದಿಲ್ಲ.

ಹೆಚ್ಚು ಜನ ಎಡವುವುದು ಆಲ್ಫಾ, ಬೀಟಾ ಎರಡೂ 0.3 ಇದ್ದಾಗ. ದೀರ್ಘ ಸರಾಸರಿ ತೆಗೆದರೆ ಸಾಂದ್ರತೆ 0.3ರಿಂದ 0.7ಕ್ಕೆ ನೇರ ಗೆರೆಯಂತೆ ಏರುತ್ತದೆ. ಅಂಥ ಇಳಿಜಾರು ಸಾಲಿನಲ್ಲಿ ಯಾವ ಕ್ಷಣದಲ್ಲೂ ಇರುವುದಿಲ್ಲ! ಇರುವುದು ಒಂದು ಮೆಟ್ಟಿಲು: ಅದರ ಎಡಕ್ಕೆ 0.3, ಬಲಕ್ಕೆ 0.7. ಆ ಮೆಟ್ಟಿಲು ಗೊತ್ತುಗುರಿಯಿಲ್ಲದೆ ಅಲೆಯುತ್ತದೆ, ಸರಾಸರಿ ಅದನ್ನು ಅಳಿಸಿಹಾಕುತ್ತದೆ. ಸಾಲು ಎರಡು ಪಟ್ಟು ಉದ್ದವಾದರೆ ಅದು ಪೂರ್ತಿ ಸುತ್ತಾಡಲು ಸುಮಾರು ನಾಲ್ಕು ಪಟ್ಟು ಸಮಯ ಬೇಕು. ಅರ್ಧಕ್ಕೆ ನಿಲ್ಲಿಸಿದ ಓಟದಲ್ಲಿ ಆ ನೇರ ಗೆರೆಯೂ ಸಿಗುವುದಿಲ್ಲ.

ಮೆಟ್ಟಿಲನ್ನು ಹಿಂಬಾಲಿಸಲು ಒಂದು ಎರಡನೇ ದರ್ಜೆಯ ಕಣವನ್ನು ಬಿಡುತ್ತೇವೆ. ಮುಂದೆ ಖಾಲಿ ಇದ್ದರೆ ಅದೂ ನೆಗೆಯುತ್ತದೆ. ಹಿಂದಿನಿಂದ ಮಾಮೂಲಿ ಕಣ ಬಂದರೆ ಮಾತ್ರ ಅದಕ್ಕೆ ಜಾಗ ಬಿಟ್ಟು ಒಂದು ಮನೆ ಹಿಂದೆ ಸರಿಯುತ್ತದೆ. ಕಣ ವಿರಳವಾದ ಕಡೆ ಮುಂದಕ್ಕೆ, ದಟ್ಟವಾದ ಕಡೆ ಹಿಂದಕ್ಕೆ ಹೋಗುವುದರಿಂದ ಅದು ಮೆಟ್ಟಿಲಿಗೇ ಅಂಟಿಕೊಂಡಿರುತ್ತದೆ.